ಕಾರಿನೊಳಗೆ ಪೆಟ್ರೋಲ್ ವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪೆಟ್ರೋಲ್ ಕಾರಿನವರಿಗಾಗಿ ಬರೆದದ್ದು. ಜನ ಗ್ಯಾರೇಜಿನಲ್ಲಿ ಕೇಳುವ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಓದುವ ಮೊದಲು ಒಂದು ಕೆಲಸ ಮಾಡಿ: ವಾಸನೆ ಯಾವ ಹೊತ್ತಿಗೆ ಬರುತ್ತದೆ ಎಂದು ಎರಡು ದಿನ ಚೀಟಿಯಲ್ಲಿ ಬರೆದಿಡಿ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಗಾಡ್ಯಾಗ ಪೆಟ್ರೋಲ್ ವಾಸನಿ ಬರಾಕತ್ತೈತಿ. ಓಡಿಸಬಹುದೇನ್ರಿ?

ಪೆಟ್ರೋಲ್ ಕಣ್ಣಿಗೆ ಕಾಣುತ್ತಿದ್ದರೆ ಓಡಿಸಬಾರದು. ನೆಲಕ್ಕೆ ಹನಿ ಬೀಳುವುದು, ಎಂಜಿನ್ ಮೇಲೆ ಹಸಿ ಕಾಣುವುದು, ಕಾಲಡಿಯ ಕಾರ್ಪೆಟ್ ತೇವ ಆಗಿರುವುದು, ಈ ಮೂರರಲ್ಲಿ ಯಾವುದಿದ್ದರೂ ಎಂಜಿನ್ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ, ಬಾಗಿಲುಗಳನ್ನು ಕೈಯಿಂದ ತೆರೆದಿಟ್ಟು ದೂರ ನಿಲ್ಲಿ. ಪವರ್ ವಿಂಡೋ ಸ್ವಿಚ್ ಮುಟ್ಟಬೇಡಿ, ಅದರಲ್ಲೂ ಕಿಡಿ ಇರುತ್ತದೆ. ಪೆಟ್ರೋಲ್ ಮಡುಗಟ್ಟಿ ನಿಂತಿದ್ದರೆ ಬ್ಯಾಟರಿ ಟರ್ಮಿನಲ್ ಬಿಚ್ಚುವುದಕ್ಕೂ ಹೋಗಬೇಡಿ. ಬಿಚ್ಚುವ ಕ್ಷಣದಲ್ಲೇ ಕಿಡಿ ಹಾರುವುದುಂಟು. ಬೆಂಕಿಯ ಲಕ್ಷಣ ಕಂಡರೆ 112ಕ್ಕೆ ಕರೆ ಮಾಡಿ.

ಹನಿ ಇಲ್ಲ, ವಾಸನೆ ಸಣ್ಣಗೆ ಬಂದು ಹೋಗುತ್ತದೆ ಎಂದಾದರೆ ಗಾಜು ಇಳಿಸಿಕೊಂಡು ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು, ಅಷ್ಟೇ. ಸಂಕೇಶ್ವರದಿಂದ ಹುಬ್ಬಳ್ಳಿಗೆ ಹೋಗಿಬಂದು ತೋರಿಸೋಣ ಅನ್ನುವ ಲೆಕ್ಕ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರದೆ ಸೀಟಿನ ಕೆಳಗೆ, ಡಿಕ್ಕಿಯ ತಳದಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಆವಿ ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಮೋಸವೂ ಇದೆ. ಹತ್ತು ನಿಮಿಷ ಒಳಗೆ ಕುಳಿತರೆ ಮೂಗು ಒಗ್ಗಿಹೋಗಿ ವಾಸನೆ ನಿಂತಿತು ಅನ್ನಿಸುತ್ತದೆ. ನಿಂತಿದೆಯೋ ಇಲ್ಲವೋ ಎಂದು ಹೊರಗಿನಿಂದ ಬಂದವರನ್ನೇ ಕೇಳಬೇಕು.

ಇದು ಪೆಟ್ರೋಲ್ ವಾಸನಿನ ಅಂತ ಹ್ಯಾಂಗ ಗೊತ್ತು ಹಿಡೀಬೇಕು?

ಹಸಿ ಪೆಟ್ರೋಲ್ ವಾಸನೆ ಬಂಕಿನಲ್ಲಿ ನಿಂತಾಗ ಬರುವಂಥದ್ದು, ಚುರುಕಾಗಿ ಸಿಹಿ. ಕಣ್ಣು ಉರಿಯುತ್ತಿದ್ದರೆ ಅದು ಸೈಲೆನ್ಸರ್ ಹೊಗೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಹರಿದಿದ್ದರೆ ಹಿಂದಿನ ಹೊಗೆಯನ್ನು ಕಾರೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡೆ ನೋಡಬೇಕು. ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಅಡುಗೆ ಗ್ಯಾಸಿನಂಥ ನಾತ ಬಂದರೆ ಈ ಪುಟ ಬಿಟ್ಟು ನೇರ ಕಿಟ್ ಹಾಕಿದವರ ಬಳಿ ಹೋಗಿ.

ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ ಮುಂದೆ ಹಾಯುವಾಗ ಮಾತ್ರ ಹುಳಿ ಬೆರೆತ ಮದ್ಯದ ನಾತ ಬಂದರೆ ಕಾರಿನ ಮೇಲೆ ಅನುಮಾನ ಬೇಡ. ಅದು ಕಾಕಂಬಿ.

ಯಾವಾಗ ಬಂದ್ರ ಎಲ್ಲಿ ಹುಡುಕಬೇಕ್ರಿ?

ಪೆಟ್ರೋಲ್ ಹಾಕಿಸಿದ ದಿನವಷ್ಟೇ ಬಂದು ಟ್ಯಾಂಕ್ ಮುಕ್ಕಾಲಿಗೆ ಇಳಿದ ಮೇಲೆ ಹೋದರೆ ಟ್ಯಾಂಕಿನ ಮೇಲ್ಭಾಗ: ಮುಚ್ಚಳ, ಫಿಲ್ಲರ್ ಪೈಪ್, ಪಂಪ್ ಕೂರುವ ಜಾಗದ ರಬ್ಬರ್ ಸೀಲ್. ತಿರುವಿನಲ್ಲಿ, ಘಾಟಿನಲ್ಲಿ ವಾಸನೆ ಏರಿದರೂ ಇವೇ. ಚಳಿಗಾಲದ ಬೆಳಗಿನ ಮೊದಲ ಸ್ಟಾರ್ಟಿಗೆ ಬಂದು ಎಂಜಿನ್ ಬಿಸಿಯಾದ ಮೇಲೆ ನಿಂತರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ರಬ್ಬರ್ ರಿಂಗ್ ಅಥವಾ ಪೈಪಿನ ಜಾಯಿಂಟ್. ತಣ್ಣಗಿರುವಾಗ ಬಿಗಿದುಕೊಂಡ ಹಳೆ ರಬ್ಬರ್ ಜಾಗ ಬಿಡುತ್ತದೆ, ಬಿಸಿಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಹಿಂದಿನಿಂದ ಸ್ವಲ್ಪ ಬರುವುದು ಸಹಜ, ತಣ್ಣನೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ.

ಗಾಡಿ ನಿಲ್ಲಿಸಿ ಹತ್ತು ಹದಿನೈದು ನಿಮಿಷಕ್ಕೆ ಬಂದರೆ ಬಾನೆಟ್ ಒಳಗೆ ನೋಡಿ. ಎಂಜಿನ್ ಬಂದ್ ಆದರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಒಸರಿದ ಹನಿ ಕಾದ ಲೋಹದ ಮೇಲೆ ಬಿದ್ದು ಆವಿಯಾಗುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ. ಎಸಿಯನ್ನು ಹೊರಗಿನ ಗಾಳಿಗೆ ಇಟ್ಟು ಫ್ಯಾನ್ ಮೂರಕ್ಕೆ ಹಾಕಿ, ನಂತರ ಒಳಗಿನ ಗಾಳಿಗೆ ತಿರುಗಿಸಿ. ಹೊರಗಿನ ಗಾಳಿಗೆ ಇಟ್ಟಾಗ ಮಾತ್ರ ವಾಸನೆ ಬಂದರೆ ಲೀಕ್ ಮುಂದೆ ಇದೆ, ಏಕೆಂದರೆ ಆ ಗಾಳಿ ಮುಂದಿನ ಗಾಜಿನ ಬುಡದ ಜಾಲರಿಯಿಂದ ಬರುತ್ತದೆ. ಎರಡರಲ್ಲೂ ಒಂದೇ ತರಹ ಇದ್ದರೆ ಹಿಂದೆ ಹುಡುಕಿ.

ಟ್ಯಾಂಕ್ ಫುಲ್ ಮಾಡಿಸಿದಾಗ ಅಷ್ಟ ವಾಸನಿ ಬರ್ತೈತಿ, ಯಾಕ್ರಿ?

ಮೊದಲು ಅಭ್ಯಾಸ ನೋಡಿ. ನಾಝಲ್ ಒಮ್ಮೆ ಕಟ್ ಆದ ಮೇಲೆ "ರೌಂಡ್ ಫಿಗರ್ ಮಾಡ್ಲೇನ್ರಿ" ಎಂದು ಬಂಕಿನ ಹುಡುಗ ಇನ್ನಷ್ಟು ಹಾಕುತ್ತಾನೆ, ನಾವೂ ಹೂಂ ಅನ್ನುತ್ತೇವೆ. ಟ್ಯಾಂಕಿನ ಮೇಲೆ ಬಿಟ್ಟಿರುವ ಖಾಲಿ ಜಾಗ ಪೆಟ್ರೋಲ್ ಉಬ್ಬುವುದಕ್ಕೆ. ಹತ್ತು ಡಿಗ್ರಿ ಬಿಸಿ ಏರಿದರೆ 40 ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ 400 ಮಿಲಿ ಉಬ್ಬುತ್ತದೆ. ನೆಲದೊಳಗಿನ ಟ್ಯಾಂಕಿನಿಂದ ತಂಪು ಪೆಟ್ರೋಲ್ ಕಂಠಮಟ್ಟ ತುಂಬಿಸಿ, ಏಪ್ರಿಲ್ ಮಧ್ಯಾಹ್ನ ವಿಜಯಪುರದ ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಅದು ಎಲ್ಲಾದರೂ ದಾರಿ ಹುಡುಕಲೇಬೇಕು. ಸಾಮಾನ್ಯವಾಗಿ ಟ್ಯಾಂಕಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್‌ಗೆ ನುಗ್ಗುತ್ತದೆ.

ಕಟ್ ಆದಲ್ಲಿಗೇ ನಿಲ್ಲಿಸಿದರೂ ವಾಸನೆ ಬಂದರೆ ಮುಚ್ಚಳದ ರಬ್ಬರ್ ವಾಷರ್ ನೋಡಿ. ಉಗುರಿನಿಂದ ಒತ್ತಿದರೆ ಮೆತ್ತಗೆ ಒಳಹೋಗಿ ತಿರುಗಿ ಬರಬೇಕು. ಚಪ್ಪಟೆಯಾಗಿ ಹೊಳೆಯುತ್ತಿದ್ದರೆ, ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಕೆಲಸ ಮುಗಿದಿದೆ. ಮುಚ್ಚಳ ಬದಲಿಸುವಾಗ ಅದೇ ಮಾದರಿಯದನ್ನೇ ಹಾಕಿ, ಅದರೊಳಗಿನ ವಾಲ್ವ್ ಒಂದೊಂದು ಗಾಡಿಗೆ ಒಂದೊಂದು ತರಹ ಇರುತ್ತದೆ.

ಆಮೇಲೆ ಫಿಲ್ಲರ್ ಪೈಪ್. ಹೆಚ್ಚಿನ ಕಾರುಗಳಲ್ಲಿ ಇದು ಹಿಂದಿನ ಚಕ್ರದ ಒಳಮಗ್ಗುಲಲ್ಲಿ ಇಳಿಯುತ್ತದೆ. ಎರೆಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಇಲ್ಲಿ ಕೆಸರು ಗಟ್ಟಿಯಾಗಿ ಅಂಟಿ ವಾರಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಖಾನಾಪುರ ಕಡೆಯ ಮಳೆ ಸೇರಿದರೆ ತಗಡಿನ ಪೈಪ್ ಮೊದಲು ತಿನ್ನಿಸಿಕೊಳ್ಳುವುದು ಈ ಬಾಗಿದ ಜಾಗದಲ್ಲಿ. ಚಕ್ರ ಬಿಚ್ಚಿ, ಪ್ಲಾಸ್ಟಿಕ್ ಲೈನರ್ ತೆಗೆದು, ಮಣ್ಣು ತೊಳೆದು ಒಣಗಿದ ಮೇಲೆ ನೋಡಿ. ಪಕ್ಕದಲ್ಲೇ ಹೋಗುವ ಬೆರಳುಗಾತ್ರದ ಗಾಳಿ ಪೈಪನ್ನು ಮರೆಯಬೇಡಿ. ಬಹಳ ಸಲ ಅದೇ ಬಿರಿದಿರುತ್ತದೆ.

ಹಿಂದಿನ ಸೀಟಿನ ಕೆಳಗ ವಾಸನಿ ಜೋರ್ ಐತಿ. ನಾವ ಬಿಚ್ಚಿ ನೋಡಬಹುದಾ?

ನೋಡುವುದಕ್ಕೆ ಅಡ್ಡಿಯಿಲ್ಲ. ಸೀಟಿನ ಕುಳಿತುಕೊಳ್ಳುವ ಭಾಗ ಮುಂದೆ ಎರಡು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ ಅಥವಾ ಬೋಲ್ಟಿನಲ್ಲಿರುತ್ತದೆ. ಕ್ಲಿಪ್ ಇದ್ದರೆ ನೇರ ಮೇಲಕ್ಕೆ ಎತ್ತಿ. ಕಾರ್ಪೆಟ್ ಸರಿಸಿದರೆ ಒಂದು ತಗಡಿನ ಮುಚ್ಚಳ ಸಿಗುತ್ತದೆ, ಮೂರು ನಾಲ್ಕು ಸ್ಕ್ರೂ ಇಲ್ಲವೆ ಕಪ್ಪು ಅಂಟು. ಎಲ್ಲ ಕಾರಿನಲ್ಲೂ ಈ ಕಿಂಡಿ ಇರುವುದಿಲ್ಲ. ಇಲ್ಲದಿದ್ದರೆ ಟ್ಯಾಂಕ್ ಇಳಿಸಬೇಕು, ಅದು ಲಿಫ್ಟ್ ಇರುವಲ್ಲಿಯ ಕೆಲಸ.

ಮುಚ್ಚಳ ತೆಗೆದ ಕೂಡಲೇ ಒರೆಸಬೇಡಿ, ಧೂಳನ್ನು ಓದಿ. ಪಂಪಿನ ತಟ್ಟೆಯ ಮೇಲೆ ನಮ್ಮ ರಸ್ತೆಯ ಬೂದು ಧೂಳು ಹಿಟ್ಟಿನಂತೆ ಸಡಿಲವಾಗಿದ್ದರೆ ಲೀಕ್ ಇಲ್ಲಿಲ್ಲ. ತಟ್ಟೆಯನ್ನು ಬಿಗಿದಿಡುವ ರಿಂಗಿನ ಸುತ್ತ ಒಂದು ಕಡೆ ಧೂಳು ಕಂದಾಗಿ, ಬೆಲ್ಲದ ಪಾಕ ಹಿಡಿದಂತೆ ಅಂಟಿ ಕೂತಿದ್ದರೆ ಅದೇ ಜಾಗ. ಪೈಪ್ ಸೇರುವ ಮೂತಿಯ ಬುಡದಲ್ಲಿ ಕಲೆ ಇದ್ದರೆ ಸೀಲಿನ ತಪ್ಪಲ್ಲ, ತಟ್ಟೆಯ ಪ್ಲಾಸ್ಟಿಕ್ಕೇ ಬಿರಿದಿದೆ. ಅದಕ್ಕೆ ಅಂಟು ಹಚ್ಚಿ ಉಪಯೋಗವಿಲ್ಲ, ತಟ್ಟೆಯೇ ಬದಲಾಗಬೇಕು.

ಸೀಲ್ ಬದಲಿಸುವುದಾದರೆ ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆ ಇರಲಿ. ಗಾಡಿ ಬಯಲಲ್ಲಿರಲಿ, ಶೆಡ್ಡಿನಲ್ಲಿ ಬೇಡ. ಸುತ್ತ ಬೀಡಿ, ಗ್ರೈಂಡರ್, ವೆಲ್ಡಿಂಗ್ ಇರಬಾರದು. ಎರಡು ಕಿಲೋ ಎಬಿಸಿ ಪೌಡರಿನ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ. ಅದು ತಾನಾಗಿ ಬಂದ್ ಆಗುತ್ತದೆ. ಇನ್ನೆರಡು ಸಲ ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆದರೆ ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಷ್ಟಾದರೂ ಪೈಪ್ ಕಳಚುವಾಗ ಸ್ವಲ್ಪ ಪೆಟ್ರೋಲ್ ಚಿಮ್ಮುತ್ತದೆ, ಬಟ್ಟೆ ಸುತ್ತಿ ಕಳಚಿ.

ತಟ್ಟೆಯ ಸುತ್ತಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ತೆಗೆದ ನಂತರವೇ ರಿಂಗ್ ಮುಟ್ಟಿ. ಇಲ್ಲದಿದ್ದರೆ ಆ ಧೂಳು ಟ್ಯಾಂಕಿಗೆ ಬಿದ್ದು ಪಂಪಿನ ಜಾಲರಿ ಕಟ್ಟುತ್ತದೆ. ಪ್ಲಾಸ್ಟಿಕ್ ರಿಂಗನ್ನು ಅದರ ಪಾನಾದಿಂದ ತಿರುಗಿಸಬೇಕು. ಅದಿಲ್ಲದಿದ್ದರೆ ಕಟ್ಟಿಗೆಯ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದರೆ ಹಲ್ಲೂ ಮುರಿಯುತ್ತದೆ, ಕಿಡಿಯೂ ಹಾರುತ್ತದೆ. ತಟ್ಟೆಯ ಬಾಣದ ಗುರುತು ಯಾವ ಕಡೆ ಇತ್ತು ಎಂದು ಮೊದಲೇ ಫೋಟೋ ತೆಗೆದಿಡಿ. ಪಂಪ್ ಎತ್ತುವಾಗ ಓರೆ ಮಾಡಿ ತೆಗೆಯಿರಿ, ಗೇಜಿನ ತೇಲುಗುಂಡಿನ ತಂತಿ ಬಾಗಿದರೆ ಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ.

ಹಳೆ ಸೀಲ್ ಒಮ್ಮೆ ಹೊರಬಂದರೆ ಮತ್ತೆ ಕೂರುವುದಿಲ್ಲ. ಪೆಟ್ರೋಲ್ ಕುಡಿದು ಉಬ್ಬಿ ತನ್ನ ಕುಣಿಗಿಂತ ದೊಡ್ಡದಾಗಿರುತ್ತದೆ. ಹೊಸದು ಕೈಯಲ್ಲಿದ್ದರೆ ಮಾತ್ರ ಬಿಚ್ಚಿ. ಅದರ ಬದಲು ಸಿಲಿಕಾನ್ ಪೇಸ್ಟ್ ಬಳಿಯುವ ಚಾಳಿ ಬಹಳ ಕಡೆ ಇದೆ. ಸಾಮಾನ್ಯ ಸಿಲಿಕಾನನ್ನು ಪೆಟ್ರೋಲ್ ಮೆದುಮಾಡುತ್ತದೆ, ಅದು ಚೂರುಚೂರಾಗಿ ಒಳಗೆ ಬೀಳುತ್ತದೆ.

ಕೂರಿಸಿದ ಮೇಲೆ ಪೈಪ್, ಬ್ಯಾಟರಿ ಮತ್ತೆ ಜೋಡಿಸಿ, ಫ್ಯೂಸ್ ಹಾಕಿ, ಕೀ ಆನ್ ಮಾಡಿ ಆಫ್ ಮಾಡುವುದನ್ನು ಮೂರು ಸಲ ಮಾಡಿ. ಪ್ರತಿ ಸಲ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಅನ್ನುತ್ತದೆ. ಟಾರ್ಚ್ ಹಾಕಿ ನೋಡಿ. ಒಣಗಿದ್ದರೆ ಹತ್ತು ನಿಮಿಷ ಎಂಜಿನ್ ಓಡಿಸಿ. ನಿಜವಾದ ಪರೀಕ್ಷೆ ಆಮೇಲೆ: ಟ್ಯಾಂಕ್ ತುಂಬಿಸಿ, ಸೀಟು ಹಾಕುವ ಮೊದಲು ಇನ್ನೊಮ್ಮೆ ನೋಡಬೇಕು.

ಬಾನೆಟ್ ಒಳಗ ಲೀಕ್ ಹುಡುಕೋದು ಹ್ಯಾಂಗ?

ಪೆಟ್ರೋಲ್ ಬೇಗ ಆರುವುದರಿಂದ ಬಿಸಿ ಎಂಜಿನ್ ಮೇಲೆ ಏನೂ ಕಾಣದು. ರಾತ್ರಿ ಇಡೀ ತಣ್ಣಗಾದ ಗಾಡಿಯಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ನೋಡಿ. ಅನುಮಾನದ ಜಾಯಿಂಟ್ ಒರೆಸಿ, ಸೀಮೆಸುಣ್ಣದ ಪುಡಿ ಇಲ್ಲವೆ ಮುಖದ ಪೌಡರ್ ಉದುರಿಸಿ. ಒಂದು ಹನಿ ಒಸರಿದರೂ ಬಿಳಿ ಪುಡಿ ಕಪ್ಪಾಗುತ್ತದೆ.

ಸಾಮಾನ್ಯ ಇಂಜೆಕ್ಷನ್ ಕಾರಿನ ಲೈನಿನಲ್ಲಿ ಒತ್ತಡ 3ರಿಂದ 4 ಬಾರ್. ನಾಲ್ಕು ಸಿಲಿಂಡರ್ ಎಂದರೆ ನಾಲ್ಕು ಇಂಜೆಕ್ಟರ್, ಒಂದೊಂದಕ್ಕೆ ಮೇಲೆ ಕೆಳಗೆ ಎರಡು ರಿಂಗ್, ಒಟ್ಟು ಎಂಟು. ಮೇಲಿನದು ಹೋದರೆ ಪೆಟ್ರೋಲ್ ಹೊರಬರುತ್ತದೆ. ಕೆಳಗಿನದು ಹೋದರೆ ಎಂಜಿನ್ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತದೆ, ವಾಸನೆ ಅಷ್ಟಾಗಿ ಇರದು. ಬಿಚ್ಚಿದ ಮೇಲೆ ಎಂಟನ್ನೂ ಬದಲಿಸಿ. ಹೊಸ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ನೇರ ಒತ್ತಬೇಕು. ಒಣದಾಗಿ ಒತ್ತಿದರೆ ಅಂಚು ಕತ್ತರಿಸಿ ಅದೇ ದಿನ ಮತ್ತೆ ಒಸರುತ್ತದೆ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಕಾರಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಅಲ್ಲಿನ ಒತ್ತಡ ನೂರಾರು ಬಾರ್ ಮುಟ್ಟುತ್ತದೆ. ಕಂಪನಿ ವರ್ಕ್‌ಶಾಪಿಗೇ ಒಯ್ಯಿರಿ.

ಪೈಪ್, ರಿಂಗ್ ಲೋಕಲ್ ಹಾಕಿಸಿದ್ರ ನಡೀತೈತೇನ್ರಿ?

ನಡೆಯುತ್ತದೆ, ಸರಿಯಾದ ರಬ್ಬರ್ ಆದರೆ. ಇಂಜೆಕ್ಷನ್ ಗಾಡಿಯ ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಬೇಕು. ಆರ್6, ಆರ್7 ಎಂದಿದ್ದರೆ ಅದು ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ. ಸ್ಪ್ರೇ ಪಂಪಿನ ಪಾರದರ್ಶಕ ಪೈಪ್ ಹಾಕಿದ ಗಾಡಿಗಳು ಹಳ್ಳಿ ಕಡೆ ಈಗಲೂ ಬರುತ್ತವೆ, ಕೆಲವೇ ತಿಂಗಳಲ್ಲಿ ಅದು ಹಳದಿಯಾಗಿ ಬಳೆಯಂತೆ ಗಟ್ಟಿಯಾಗುತ್ತದೆ.

ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ರಿಂಗ್ ಹುಡುಕುವಾಗ ಒಳವ್ಯಾಸ, ದಪ್ಪ ಎರಡನ್ನೂ ಹೇಳಿ, ವೈಟನ್ ಎಂಬ ರಬ್ಬರಿನದನ್ನೇ ಕೇಳಿ. ನೈಟ್ರೈಲ್ ಕೂಡ ತಡೆಯುತ್ತದೆ. ಬ್ರೇಕಿನ ಸಾಮಾನಿನಲ್ಲಿ ಬರುವ ಇಪಿಡಿಎಂ ರಬ್ಬರ್ ಮಾತ್ರ ಬೇಡ. ಅಳತೆ ಸರಿಯಿದ್ದರೂ ಪೆಟ್ರೋಲಿನಲ್ಲಿ ಅದು ಊದಿಕೊಳ್ಳುತ್ತದೆ.

ಕ್ಲಿಪ್ ವಿಷಯದಲ್ಲಿ ಕಂಜೂಸಿ ಬೇಡ. ತೂತಿರುವ ಪಟ್ಟಿಯ ಕ್ಲಿಪ್ ರಬ್ಬರಿನೊಳಗೆ ಕಚ್ಚುತ್ತದೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ ಕಚ್ಚುವುದಿಲ್ಲ. ನೈಲಾನ್ ಪೈಪನ್ನು ಕತ್ತರಿಸಿ ನಡುವೆ ರಬ್ಬರ್ ತುಂಡು ಸೇರಿಸುವುದು ಊರು ಮುಟ್ಟುವವರೆಗಿನ ಉಪಾಯ, ರಿಪೇರಿ ಅಲ್ಲ.

ಇಲಿ ಪೈಪ್ ಕಡೀತಾವ ಅಂತಾರ, ಖರೇನ?

ಖರೆ. ಕಬ್ಬು ಕಟಾವಾದ ಹೊಲದ ಇಲಿಗೆ ಪಕ್ಕದ ವಸ್ತಿಯಲ್ಲಿ ನಿಲ್ಲಿಸಿದ ಬೆಚ್ಚಗಿನ ಎಂಜಿನ್ ಒಳ್ಳೆ ಬಿಲ. ರಬ್ಬರಿನ ಮೇಲೆ ಎರಡೆರಡಾಗಿ ಹಲ್ಲಿನ ಗೀರು, ಪಕ್ಕದಲ್ಲಿ ಹಿಕ್ಕೆ, ರವದಿ ತುಣುಕು ಕಂಡರೆ ಬೇರೆ ಕಾರಣ ಹುಡುಕಬೇಡಿ. ಪೈಪ್ ಬದಲಿಸಿದ ಮೇಲೆ ಆ ಭಾಗದ ವೈರಿಂಗನ್ನೂ ಬೆರಳಾಡಿಸಿ ನೋಡಿ. ಒಸರುವ ಪೆಟ್ರೋಲ್, ಸುಲಿದ ವೈರ್ ಒಂದೇ ಜಾಗದಲ್ಲಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಎಲ್ಲೂ ಲೀಕ್ ಇಲ್ಲ, ಬಿಸಿಲಾಗ ನಿಂತಾಗ ಅಷ್ಟ ಬರ್ತದ.

ಚಾರ್ಕೋಲ್ ಕ್ಯಾನಿಸ್ಟರ್ ನೋಡಿ. ಟ್ಯಾಂಕಿನ ಆವಿಯನ್ನು ಇದ್ದಿಲಿನಲ್ಲಿ ಹಿಡಿದಿಟ್ಟು, ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಮೂಲಕ ಸುಡಲು ಕಳಿಸುವ ಡಬ್ಬಿ ಇದು. ಕೈಯಲ್ಲಿ ಹಿಡಿದು ಅಲುಗಿಸಿದಾಗ ಗುಳುಗುಳು ಅಂದರೆ ಪೆಟ್ರೋಲ್ ತುಂಬಿದೆ, ಮರಳಿನಂತೆ ಸದ್ದಾದರೆ ಒಳಗಿನ ಇದ್ದಿಲು ಒಡೆದಿದೆ. ಎರಡಕ್ಕೂ ಬದಲಾವಣೆಯೇ ಮದ್ದು.

ವಾಲ್ವ್ ಪರೀಕ್ಷೆ ಸುಲಭ. ಬಿಚ್ಚಿದ ವಾಲ್ವಿಗೆ ಸಣ್ಣ ರಬ್ಬರ್ ಪೈಪ್ ಸಿಕ್ಕಿಸಿ ಬಲೂನಿನ ಪಂಪಿನಿಂದ ಗಾಳಿ ಊದಿ, ಬಾಯಿಂದ ಬೇಡ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ಗಾಡಿಯಿಂದ ದೂರ ಒಯ್ದು 12 ವೋಲ್ಟ್ ಕೊಟ್ಟರೆ ಟಕ್ ಎಂದು ತೆರೆಯಬೇಕು. ಸದಾ ತೆರೆದೇ ಇರುವ ವಾಲ್ವಿನ ಗುರುತು ಒಂದಿದೆ: ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ಗಾಡಿ ತಕರಾರು ಮಾಡುತ್ತದೆ.

ಸ್ಕ್ಯಾನರ್ ಹಾಕಿದ್ರು, ಏನೂ ಕೋಡ್ ಬರಲಿಲ್ಲ.

ಬರಬೇಕೆಂದಿಲ್ಲ. ಸ್ಕ್ಯಾನರ್ ಪೆಟ್ರೋಲ್ ಹೆಚ್ಚು ಸುಡುತ್ತಿರುವುದನ್ನು ಪಿ0172 ಎಂದೋ, ಪರ್ಜ್ ದೋಷವನ್ನು ಪಿ0441 ಎಂದೋ ಹೇಳಬಹುದು. ಸೀಲಿನಿಂದ ಹೊರಗೆ ಒಸರುವ ಹನಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಎಥೆನಾಲ್ ಪೆಟ್ರೋಲ್ ಬಂದ ಮ್ಯಾಲೆ ವಾಸನಿ ಶುರು ಆಗೇತಿ ಅಂತಾರಲ್ರಿ?

ನಮ್ಮದೇ ಕಬ್ಬಿನ ಎಥೆನಾಲನ್ನು ಬೈಯುವುದು ಈಗ ಚಹಾ ಅಂಗಡಿಯ ಖಾಯಂ ಮಾತು. ಶೇ. 20 ಎಥೆನಾಲ್ ಬೆರೆತರೆ ತಾನಾಗಿ ಕಾರಿನೊಳಗೆ ವಾಸನೆ ಬರುವುದಿಲ್ಲ. ಆದರೆ ಮೊದಲೇ ವಯಸ್ಸಾದ, ಎಥೆನಾಲ್ ಲೆಕ್ಕವಿಟ್ಟು ಮಾಡದ ರಬ್ಬರನ್ನು ಅದು ಬೇಗ ಹಾಳುಮಾಡುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್ ಭಾಗಗಳು ಇ20ಗೆ ಹೊಂದುವಂಥವು. ಅದಕ್ಕಿಂತ ಹತ್ತು ಹನ್ನೆರಡು ವರ್ಷ ಹಳೆಯ ಗಾಡಿಯಾದರೆ ಒಂದೊಂದು ಪೈಪ್ ಒಸರಿದಾಗ ಒಂದೊಂದು ಬದಲಿಸುತ್ತ ಕೂರದೆ ರಬ್ಬರ್ ಪೈಪುಗಳನ್ನೆಲ್ಲ ಒಂದೇ ಸಲ ಬದಲಿಸಿಬಿಡಿ.

ಹಳೇ ಕಾರ್ಬುರೇಟರ್ ಗಾಡಿ. ಆಯಿಲ್ ಕೂಡ ಪೆಟ್ರೋಲ್ ವಾಸನಿ ಹೊಡೀತೈತಿ.

ಡಿಪ್‌ಸ್ಟಿಕ್ ತೆಗೆಯಿರಿ. ಆಯಿಲ್ ತೆಳ್ಳಗಾಗಿ ಮಟ್ಟ ಮೇಲಿನ ಗೆರೆ ದಾಟಿದ್ದರೆ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಎಂಜಿನ್ ಆಯಿಲ್ ಇರುವ ಚೇಂಬರಿಗೆ ಇಳಿಯುತ್ತಿದೆ. ಪಂಪ್ ಬದಲಿಸಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸುವವರೆಗೆ ಸ್ಟಾರ್ಟ್ ಮಾಡಬೇಡಿ, ತೆಳುವಾದ ಆಯಿಲ್ ಬೇರಿಂಗ್ ಕಾಯದು. ಮಟ್ಟ ಸರಿಯಿದ್ದು ಕಾರ್ಬುರೇಟರ್ ಮೈ ಹಸಿಯಿದ್ದರೆ ನೀಡಲ್ ವಾಲ್ವಿನಲ್ಲಿ ಕಸ ಸಿಕ್ಕಿ ಉಕ್ಕುತ್ತಿದೆ.

ಡಿಕ್ಕ್ಯಾಗ ಸ್ಪ್ರೇ ಪಂಪಿನ ಪೆಟ್ರೋಲ್ ಕ್ಯಾನ್ ಚೆಲ್ಲೇತಿ. ಏನ್ ಮಾಡ್ಲಿ?

ಮ್ಯಾಟ್, ಸ್ಟೆಪ್ನಿ ಎಲ್ಲ ಹೊರಗಿಡಿ. ಸ್ಟೆಪ್ನಿ ಕುಣಿಯ ತಳದಲ್ಲಿ ರಬ್ಬರ್ ಬಿರಡೆ ಇದ್ದರೆ ತೆಗೆಯಿರಿ, ಉಳಿದ ಪೆಟ್ರೋಲ್ ಇಳಿಯುತ್ತದೆ. ಹಳೆ ಬಟ್ಟೆಯಿಂದ ಹೀರಿಸಿ, ಉಜ್ಜಬೇಡಿ. ವ್ಯಾಕ್ಯೂಮ್ ಕ್ಲೀನರ್ ಖಂಡಿತ ಬೇಡ, ಆವಿ ನೇರ ಅದರ ಮೋಟಾರಿನ ಕಿಡಿಗೆ ಹೋಗುತ್ತದೆ. ಆರಿದ ಮೇಲೆ ಅಡುಗೆ ಸೋಡಾ ದಪ್ಪಗೆ ಉದುರಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಬ್ರಷ್‌ನಿಂದ ತೆಗೆದು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಿಂದ ಒರೆಸಿ. ಬಾಗಿಲು ತೆರೆದು ಎರಡು ಮೂರು ದಿನ ಬಿಸಿಲಲ್ಲಿ ನಿಲ್ಲಿಸಿ. ಬಟ್ಟೆಗಳನ್ನು ಬಯಲಲ್ಲಿ ಹರಡಿ ಒಣಗಿಸಿ, ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಇನ್ನು ಮುಂದೆ ತರುವುದಾದರೆ ಗಟ್ಟಿ ಮುಚ್ಚಳದ ತಗಡಿನ ಕ್ಯಾನ್ ಇರಲಿ, ಕೋಲ್ಡ್ ಡ್ರಿಂಕ್ ಬಾಟಲಿ ಬೇಡ. ಬಾಯಿಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವುದನ್ನೂ ಬಿಡಿ. ನುಂಗಿದವರಿಗೆ ವಾಂತಿ ಮಾಡಿಸಬಾರದು, ಪುಪ್ಪುಸಕ್ಕೆ ಇಳಿದರೆ ಜೀವಕ್ಕೆ ಕುತ್ತು. ನೇರ ದವಾಖಾನೆಗೆ ಒಯ್ಯಬೇಕು.

ಟ್ಯಾಂಕ್ ತೂತು ಬಿದ್ದೈತಿ. ಖಾಲಿ ಮಾಡಿ ವೆಲ್ಡಿಂಗ್ ಮಾಡಿಸ್ಲೇನ್ರಿ?

ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿ, ಗಾಳಿ ಬೆರೆತು ಸಿಡಿಯಲು ಸಿದ್ಧವಾಗಿರುತ್ತವೆ. ಹೊಸ ಟ್ಯಾಂಕ್ ಹಾಕಿಸಿ.

ರಿಪೇರಿ ಆಗಿ ನಾಲ್ಕು ದಿನ ಆತು, ಇನ್ನೂ ವಾಸನಿ ಐತಿ.

ದಿನದಿನಕ್ಕೆ ಇಳಿಯುತ್ತಿದ್ದರೆ ಸೀಟಿನ ಫೋಮ್, ಕಾರ್ಪೆಟ್ ಹೀರಿಕೊಂಡದ್ದು ಬಿಡುತ್ತಿದೆ. ಕ್ಯಾಬಿನ್ ಫಿಲ್ಟರ್ ಬದಲಿಸಿ, ಬಿಸಿಲು ಕೊಡಿ. ಇಳಿದು ಮತ್ತೆ ಏರಿದರೆ ಇನ್ನೊಂದು ಲೀಕ್ ಉಳಿದಿದೆ. ಗ್ಯಾರೇಜಿಗೆ ಮರಳಿ ಹೋಗುವಾಗ "ವಾಸನಿ ಐತಿ" ಎಂದಷ್ಟೇ ಹೇಳದೆ ನಿಮ್ಮ ಚೀಟಿ ಕೊಡಿ: ಎಷ್ಟು ಗಂಟೆಗೆ, ಟ್ಯಾಂಕ್ ಎಷ್ಟಿತ್ತು, ಎಂಜಿನ್ ಬಿಸಿಯೋ ತಣ್ಣಗೋ, ಎಸಿ ಗಾಳಿ ಒಳಗಿನದೋ ಹೊರಗಿನದೋ. ಬದಲಿಸಿದ ಹಳೆ ಸೀಲ್, ಪೈಪ್ ಕೇಳಿ ತೆಗೆದುಕೊಂಡು ಬಗ್ಗಿಸಿ ನೋಡಿ. ಅದರಲ್ಲಿ ಬಿರುಕೇ ಇಲ್ಲದಿದ್ದರೆ ಮಿಸ್ತ್ರಿ ಬೇರೆಯದನ್ನು ಬದಲಿಸಿರಬಹುದು.